ಕರುಣೆ ರೂಢಿ ಮಾಡಿಕೊಳ್ಳುವುದು ಹೇಗೆ? ದಿನಕ್ಕೆ 15 ನಿಮಿಷ, ವಾರಕ್ಕೆ 2 ಗಂಟೆ

"ಸುದ್ದಿ ನೋಡಿದರೆ ಸಂಕಟ ಆಗುತ್ತದೆ. ಆದರೆ ನನ್ನೊಬ್ಬನಿಂದ ಏನಾಗುತ್ತೆ?" ಈ ಪ್ರಶ್ನೆ ಓದುಗರಿಂದ ಬರುತ್ತಲೇ ಇರುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಕರುಣೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರಿ, ಸೋಮವಾರ ಬೆಳಿಗ್ಗೆ ಎದ್ದು ನಾನು ಮಾಡಬೇಕಾದ್ದು ಏನು?" ಈ ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟ. ಅದಕ್ಕೆ ಉತ್ತರ ಕೊಡಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕರುಣೆಯನ್ನು ಯಾರು ಬೇಕಾದರೂ ಕಲಿಯಬಹುದು. ಆದರೆ ಅದಕ್ಕೆ ಹೊತ್ತು ಗೊತ್ತು ಮಾಡಬೇಕು. ಮೊದಲು ಮನಸ್ಸಿಗೆ ರೂಢಿ, ಆಮೇಲೆ ಕೈಗೆ ಕೆಲಸ, ಆಮೇಲೆ ನಾಲ್ಕು ಜನರ ಜೊತೆ ಪಾಳಿ, ಕೊನೆಗೆ ಸರ್ಕಾರದ ಬಾಗಿಲಿಗೆ ಒಂದು ಅರ್ಜಿ. ಲೋಕ ಅಷ್ಟಿಷ್ಟು ಬದಲಾದ ಕಡೆಯೆಲ್ಲ ನಡೆದದ್ದು ಹೀಗೆಯೇ. ನಾವು ಹೆಚ್ಚಿನವರು ಮನಸ್ಸು ಕರಗಿದಲ್ಲಿಗೇ ನಿಂತುಬಿಡುತ್ತೇವೆ.

ಶುರು ಮಾಡುವ ಮುಂಚೆ ಏನು ಬೇಕು

ಹಣ ಬೇಕಿಲ್ಲ. ದಿನಕ್ಕೆ 15 ನಿಮಿಷ ಬೇಕು. ಮೊದಲ ತಿಂಗಳು ಕಳೆದ ಮೇಲೆ ವಾರಕ್ಕೆ 2 ಗಂಟೆ ಬೇಕು. ಒಂದು ಸಣ್ಣ ನೋಟ್‌ಬುಕ್ ಇದ್ದರೆ ಒಳ್ಳೆಯದು. ಫೋನಿನಲ್ಲಿ ಕೆಲವು ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ: ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಹಿರಿಯ ನಾಗರಿಕರಿಗೆ 14567, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎದುರಿಗೆ ಯಾರೋ ಬಿದ್ದಿದ್ದಾಗ ಗೂಗಲ್ ಮಾಡುತ್ತಾ ನಿಲ್ಲುವುದು ಬೇಡ.

ಒಂದು ಎಚ್ಚರಿಕೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅಥವಾ ನಿಮಗೇ ಖಿನ್ನತೆ ಇದ್ದರೆ, ಎರಡನೇ ಹಂತದ ಧ್ಯಾನವನ್ನು ಸದ್ಯಕ್ಕೆ ಬಿಡಿ. ಕಣ್ಣು ಮುಚ್ಚಿ ಇನ್ನೊಬ್ಬರ ನೋವು ನೆನೆಯುವ ಕೆಲಸ ಆ ಹೊತ್ತಿನಲ್ಲಿ ಭಾರವಾಗುತ್ತದೆ. ಮೊದಲು 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಹಂತ 1: ಅವಸರ ಕಡಿಮೆ ಮಾಡಿ

ಇದನ್ನು ಮೊದಲು ಇಟ್ಟದ್ದಕ್ಕೆ ಕಾರಣ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಫಲಿತಾಂಶ ಪ್ರಕಟವಾದದ್ದು 1973ರಲ್ಲಿ. ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಬೇಕಿತ್ತು. ಕೆಲವರ ವಿಷಯವಂತೂ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕತೆ, ಬೈಬಲಿನದ್ದು. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಬಿಡುವಿದ್ದವರಲ್ಲಿ ಶೇ. 63ರಷ್ಟು ಜನ ನೆರವಾದರು. "ತಡವಾಯಿತು, ಬೇಗ ಹೋಗಿ" ಅನ್ನಿಸಿಕೊಂಡವರಲ್ಲಿ ಶೇ. 10 ಮಾತ್ರ. ತಲೆಯಲ್ಲಿ ಯಾವ ಭಾಷಣ ಇತ್ತು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಅಂದರೆ ಅವರು ಕೆಟ್ಟವರಾಗಿರಲಿಲ್ಲ, ತಡವಾಗಿತ್ತು ಅಷ್ಟೇ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಾವೂ ಹಾಗೇ ಅಲ್ವಾ?

ಮಾಡಬೇಕಾದ್ದು ಇಷ್ಟು. ದಿನದ ಒಂದು ಓಡಾಟ ಆರಿಸಿಕೊಳ್ಳಿ: ಆಫೀಸಿಗೆ ಹೋಗುವುದು, ಮಗುವನ್ನು ಶಾಲೆಗೆ ಬಿಡುವುದು, ಏನಾದರೂ. ಅದಕ್ಕೆ ಹತ್ತು ನಿಮಿಷ ಮುಂಚೆ ಹೊರಡಿ. ಆ ಹತ್ತು ನಿಮಿಷದಲ್ಲಿ ಫೋನ್ ಜೇಬಿನಲ್ಲಿರಲಿ, ಕಿವಿಯಲ್ಲಿ ಹಾಡು ಬೇಡ. ಯಾರಿಗೂ ಏನೂ ಸಹಾಯ ಮಾಡಬೇಕಿಲ್ಲ. ಸುಮ್ನೆ ನೋಡಿ. ದಿನಾ ಕಾಣುವ ಸೆಕ್ಯೂರಿಟಿಯವರು, ಹೂ ಮಾರುವ ಅಮ್ಮ, ಕಸದ ಗಾಡಿಯವರು ಯಾರು, ಹೇಗಿದ್ದಾರೆ ಅಂತ ಗಮನಿಸಿ. ರಾತ್ರಿ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ: ಇವತ್ತು ಯಾರ ಕಷ್ಟ ಕಣ್ಣಿಗೆ ಬಿತ್ತು? ಒಂದು ವಾರ ಇಷ್ಟೇ ಸಾಕು.

ಹಂತ 2: ದಿನಕ್ಕೆ 15 ನಿಮಿಷ ಕೂರುವುದು

ಬೌದ್ಧರು ಇದಕ್ಕೆ ಮೈತ್ರಿ ಭಾವನೆ, ಕರುಣಾ ಭಾವನೆ ಅನ್ನುತ್ತಾರೆ. ಮೈತ್ರಿ ಅಂದರೆ ಇನ್ನೊಬ್ಬರು ಚೆನ್ನಾಗಿರಲಿ ಎಂಬ ಹಾರೈಕೆ. ಕರುಣೆ ಅಂದರೆ ಅವರ ನೋವು ತಗ್ಗಲಿ ಎಂಬ ಹಾರೈಕೆ. ಭಾವನೆ ಅಂದರೆ ಇಲ್ಲಿ ಪದೇ ಪದೇ ಮಾಡಿ ಬೆಳೆಸಿಕೊಳ್ಳುವುದು. ನಮ್ಮ ಬೈಲುಕುಪ್ಪೆಯಲ್ಲಿ 1960ರ ದಶಕದ ಶುರುವಿನಿಂದ ನೆಲೆಸಿರುವ ಟಿಬೆಟನ್ನರ ವಿಹಾರಗಳಲ್ಲಿ ಕರುಣೆಯ ಅಭ್ಯಾಸ ನಿತ್ಯದ ಪಾಠ. ನೀವು ಯಾವ ಧರ್ಮದವರಾದರೂ, ದೇವರನ್ನು ನಂಬದಿದ್ದರೂ ಇದನ್ನು ಮಾಡಬಹುದು.

ಕ್ರಮ ಹೀಗೆ:

1. ಕುರ್ಚಿಯಲ್ಲೋ ಚಾಪೆಯ ಮೇಲೋ ಆರಾಮಾಗಿ ಕೂತುಕೊಳ್ಳಿ. ಎರಡು ನಿಮಿಷ ಉಸಿರು ಗಮನಿಸಿ. ಪದ್ಮಾಸನ ಬೇಕಾಗಿಲ್ಲ.

2. ನಿಮ್ಮ ಬಗ್ಗೆಯೇ ಎರಡು ಮೂರು ನಿಮಿಷ: "ನನಗೆ ನೆಮ್ಮದಿ ಇರಲಿ, ನನ್ನ ಸಂಕಟ ತಗ್ಗಲಿ." ನಮ್ಮಲ್ಲಿ ಬಹಳ ಜನರಿಗೆ ಇದು ಮುಜುಗರ, ಸ್ವಾರ್ಥ ಅನ್ನಿಸುತ್ತದೆ. ಅದರಲ್ಲೂ ಮನೆಯವರೆಲ್ಲ ಉಂಡ ಮೇಲೆ ಉಣ್ಣುವ ಅಮ್ಮಂದಿರಿಗೆ. ತೀರಾ ಕಷ್ಟವಾದರೆ ಮುಂದಿನದ್ದಕ್ಕೆ ಹೋಗಿ, ಇದಕ್ಕೆ ಆಮೇಲೆ ಬನ್ನಿ.

3. ಈಗ ನಿಜವಾಗಿ ಕಷ್ಟದಲ್ಲಿರುವ, ನಿಮಗೆ ಗೊತ್ತಿರುವ ಒಬ್ಬರನ್ನು ನೆನೆಯಿರಿ. ಮುಖ ಕಣ್ಣಿಗೆ ಕಟ್ಟಲಿ. "ಅವರ ನೋವು ತಗ್ಗಲಿ" ಅಂತ ನಿಧಾನಕ್ಕೆ ಹೇಳಿಕೊಳ್ಳಿ. ಪುಸ್ತಕದ ಮಾತು ಬಾಯಿಗೆ ಹತ್ತದಿದ್ದರೆ ನಮ್ಮ ಹಳ್ಳಿಯ ಅಜ್ಜಿಯರ ಮಾತೇ ಇದೆ: "ಹೊಟ್ಟೆ ತಣ್ಣಗಿರಲಿ", "ಎಲ್ಲಿದ್ದರೂ ತಣ್ಣಗಿರಲಿ." ಉಂಡವರು ಇಟ್ಟವರನ್ನು ಹರಸಿದ ಮಾತು ಅದು. ಇದಕ್ಕಿಂತ ಒಳ್ಳೆಯ ಮಂತ್ರ ನನಗೆ ಕಂಡಿಲ್ಲ.

4. ಆಮೇಲೆ ನಿಮಗೆ ಬೇಕಾದವರೂ ಅಲ್ಲದ, ಬೇಡವಾದವರೂ ಅಲ್ಲದ ಒಬ್ಬರು. ಬಸ್ ಕಂಡಕ್ಟರ್, ಔಷಧಿ ಅಂಗಡಿಯ ಹುಡುಗ, ಹೀಗೆ.

5. ಕೊನೆಯ ಎರಡು ನಿಮಿಷ ಊರಿಗೆಲ್ಲ, ಪ್ರಾಣಿಗಳಿಗೂ ಸೇರಿ.

ಆಗದವರು, ಜಗಳವಾಡಿದವರು ಇಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಅವರು ಆಮೇಲೆ, ಏಳನೇ ಹಂತದಲ್ಲಿ. 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ಈ ಅಭ್ಯಾಸಕ್ಕೆ ವಿವರವಾದ ಸೂಚನೆ ಬರೆದಿಟ್ಟಿದ್ದಾರೆ. ವೈರಿಯಿಂದ ಶುರು ಮಾಡಬೇಡಿ, ತೀರಿಕೊಂಡವರನ್ನು ಆರಿಸಬೇಡಿ ಎಂಬುದು ಅವರ ಸ್ಪಷ್ಟ ಎಚ್ಚರಿಕೆ. ಸಂಗೀತ ಕಲಿಯುವವರು ಸರಳೆ ವರಸೆ ಬಿಟ್ಟು ನೇರ ಕೃತಿಗೆ ಹಾರಿದರೆ ಏನಾಗುತ್ತದೋ ಇಲ್ಲೂ ಅದೇ. ಮೊದಲ ದಿನವೇ ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ದಾಯಾದಿಯನ್ನು ಕಣ್ಣಮುಂದೆ ತಂದುಕೊಂಡರೆ 15 ನಿಮಿಷವೂ ಮನಸ್ಸಿನಲ್ಲಿ ಕೋರ್ಟು ಕಚೇರಿಯೇ.

ಇದರಿಂದ ನಡತೆ ಬದಲಾಗುತ್ತದಾ? ಬಾಸ್ಟನ್‌ನಲ್ಲಿ ಒಂದು ಅಧ್ಯಯನ ನಡೆಯಿತು, 2013ರಲ್ಲಿ ಪ್ರಕಟವಾಯಿತು. ಎಂಟು ವಾರ ಧ್ಯಾನ ಕಲಿತವರನ್ನೂ ಕಲಿಯದವರನ್ನೂ ಬೇರೇನೋ ಪರೀಕ್ಷೆ ಅಂತ ಒಬ್ಬೊಬ್ಬರಾಗಿ ಕರೆಸಿ, ಮೂರು ಕುರ್ಚಿಗಳ ಕೋಣೆಯಲ್ಲಿ ಕಾಯಲು ಹೇಳಿದರು. ಎರಡು ಕುರ್ಚಿಯಲ್ಲಿ ಮೊದಲೇ ಜನ ಇದ್ದರು, ಮೂರನೆಯದು ಇವರಿಗೆ. ಊರುಗೋಲು ಹಿಡಿದ ಹೆಂಗಸೊಬ್ಬರು ನೋವಿನಿಂದ ಮುಖ ಕಿವುಚುತ್ತಾ ಒಳಗೆ ಬಂದರು. ಉಳಿದಿಬ್ಬರು ಬೇಕೆಂದೇ ಕದಲಲಿಲ್ಲ. ಕಲಿಯದವರಲ್ಲಿ ಶೇ. 16ರಷ್ಟು ಜನ ಎದ್ದು ಸೀಟು ಬಿಟ್ಟುಕೊಟ್ಟರು, ಕಲಿತವರಲ್ಲಿ ಶೇ. 50. ಸಣ್ಣ ಅಧ್ಯಯನ, ನಿಜ. ಅರ್ಧ ಜನ ಆಗಲೂ ಏಳಲಿಲ್ಲ ಎಂಬುದೂ ನಿಜ. ಧ್ಯಾನದ ಆ್ಯಪ್ ಮಾರುವವರು ಆ ಅರ್ಧವನ್ನು ಹೇಳುವುದಿಲ್ಲ.

ಸಾಮಾನ್ಯ ತಪ್ಪು: ಒಳಗೆ ಏನೋ ಉಕ್ಕಿ ಬರಬೇಕು ಅಂತ ಕಾಯುವುದು. ಎಷ್ಟೋ ದಿನ ಏನೂ ಅನ್ನಿಸುವುದಿಲ್ಲ, ನಿದ್ದೆ ಬರುತ್ತದೆ, ಸೊಪ್ಪಿನ ಚೀಟಿ ನೆನಪಾಗುತ್ತದೆ. ಪರವಾಗಿಲ್ಲ. ಕಣ್ಣೀರು ಬಂತೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ, ಕೂತಿರೋ ಇಲ್ಲವೋ ಅಷ್ಟೇ.

ಹಂತ 3: ಕುಸಿಯುವುದನ್ನು ಕರುಣೆ ಅಂದುಕೊಳ್ಳಬೇಡಿ

ಇಲ್ಲಿ ಸ್ವಲ್ಪ ನಿಧಾನಿಸಿ, ಯಾಕೆಂದರೆ ಒಳ್ಳೆಯ ಮನಸ್ಸಿನವರು ಸೋಲುವುದು ಇಲ್ಲೇ.

ಇನ್ನೊಬ್ಬರ ನೋವು ಕಂಡು ನಮಗೂ ನೋವಾಗುವುದು ಒಂದು. ಆ ನೋವು ತಗ್ಗಲಿ ಅಂತ ಅವರ ಕಡೆ ಮನಸ್ಸು ಹೊರಡುವುದು ಇನ್ನೊಂದು. ಮೊದಲನೆಯದರಲ್ಲೇ ಉಳಿದರೆ ಕೆಲವು ದಿನಕ್ಕೆ ಸುಸ್ತಾಗಿ ಟಿವಿ ಚಾನೆಲ್ ಬದಲಿಸುತ್ತೇವೆ, ಆಸ್ಪತ್ರೆಯಲ್ಲಿರುವ ಗೆಳೆಯನನ್ನು ನೋಡಲು ಹೋಗುವುದಿಲ್ಲ. "ನನಗೆ ನೋಡೋಕಾಗಲ್ಲಪ್ಪ" ಅನ್ನುವವರು ಕಲ್ಲುಮನಸ್ಸಿನವರಲ್ಲ, ಮೆತ್ತಗಿನ ಮನಸ್ಸಿನವರೇ. ಆದರೆ ಮಂಚದ ಮೇಲಿರುವ ಗೆಳೆಯನಿಗೆ ಎರಡೂ ಒಂದೇ.

ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಮತ್ತು ಜೊತೆಯವರು ಇದನ್ನು ಮೆದುಳಿನ ಸ್ಕ್ಯಾನ್‌ನಲ್ಲಿ ನೋಡಿದರು. ಬೇರೆಯವರ ಸಂಕಟವನ್ನು ತಾವೂ ಅನುಭವಿಸುವ ತರಬೇತಿ ಪಡೆದವರಿಗೆ ದುಗುಡ ಹೆಚ್ಚಾಯಿತು. ಅದೇ ಜನರಿಗೆ ಆಮೇಲೆ ಕರುಣೆಯ ತರಬೇತಿ ಕೊಟ್ಟಾಗ ದುಗುಡ ಇಳಿಯಿತು, ಬೆಚ್ಚಗಿನ ಭಾವ ಮರಳಿತು. ಮೆದುಳಿನಲ್ಲಿ ಚುರುಕಾದ ಭಾಗಗಳೂ ಬೇರೆ ಬೇರೆ. ಬುದ್ಧಘೋಷರ ಬರಹದಲ್ಲಿ ಇದಕ್ಕೆ "ಹತ್ತಿರದ ಶತ್ರು" ಎಂಬ ಮಾತಿದೆ. ಹತ್ತಿರದ ಶತ್ರು ಅಂದರೆ ನೋಡಲು ಆ ಗುಣದಂತೆಯೇ ಕಂಡು, ಒಳಗಿಂದ ಅದನ್ನು ಕೆಡಿಸುವುದು. ಕರುಣೆಗೆ ದೂರದ ಶತ್ರು ಕ್ರೌರ್ಯ, ಹತ್ತಿರದ ಶತ್ರು ಶೋಕ.

ಗುರುತಿಸುವುದು ಹೇಗೆ? ಒಂದು ಸುಲಭ ಪರೀಕ್ಷೆ. ಆ ಹೊತ್ತಿನಲ್ಲಿ ನೀವು ಯಾರ ಬಗ್ಗೆ ಯೋಚಿಸುತ್ತಿದ್ದೀರಿ? "ಅಯ್ಯೋ, ನನಗೆ ಹೇಗಾಗ್ತಿದೆ" ಎಂದಾದರೆ ಅದು ಕುಸಿತ. "ಅವರಿಗೆ ಈಗ ಏನು ಬೇಕು" ಎಂದಾದರೆ ಕರುಣೆ. ಕುಸಿತ ಅನ್ನಿಸಿದರೆ ಎರಡು ಪಾದಗಳನ್ನು ನೆಲಕ್ಕೆ ಒತ್ತಿ, ನಿಧಾನಕ್ಕೆ ನಾಲ್ಕೈದು ಸಲ ಉಸಿರು ಬಿಡಿ, ಆಮೇಲೆ ಎರಡನೇ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ. ಸುದ್ದಿಗೂ ಒಂದು ಮಿತಿ ಹಾಕಿ. ಯುದ್ಧದ ವಿಡಿಯೋ ಮಲಗುವ ಮುಂಚೆ ನೋಡಿದರೆ ಅಲ್ಲಿನ ಮಗುವಿಗೆ ಯಾವ ಲಾಭವೂ ಇಲ್ಲ, ನಿಮ್ಮ ನಿದ್ದೆ ಹಾಳು.

ಹಂತ 4: ಮನೆಯಿಂದ ಗೇಟಿನವರೆಗೆ

ಈಗ ಕೈಗೆ ಕೆಲಸ. ದೊಡ್ಡದೇನೂ ಬೇಡ.

ಒಡೆದ ಗಾಜು, ಬ್ಲೇಡು, ಬಳಸಿದ ಸೂಜಿಯನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡಿ. ಪ್ಯಾಡ್, ಡೈಪರ್‌ಗೂ ಹಾಗೇ. ಹಸಿ ಕಸ, ಒಣ ಕಸ ಬೇರೆ ಇರಲಿ. ಪರಿಸರದ ಮಾತು ಆಮೇಲೆ. ನೀವು ಬೆರೆಸಿದ್ದನ್ನು ಒಬ್ಬ ಪೌರಕಾರ್ಮಿಕರು ಬರಿಗೈಯಲ್ಲಿ ಬೇರೆ ಮಾಡುತ್ತಾರೆ, ಅದು ಮೊದಲು.

ಮನೆಗೆಲಸಕ್ಕೆ ಬರುವವರಿಗೆ ಬೇರೆ ಲೋಟ ಇಟ್ಟಿದ್ದೀರಾ? ಇವತ್ತೇ ಎತ್ತಿಡಿ. ಸಂಬಳ ಒಂದನೇ ತಾರೀಕಿಗೆ ಕೊಡಿ, ವಾರಕ್ಕೊಂದು ರಜೆ ಕೊಡಿ, ಹುಷಾರಿಲ್ಲದ ದಿನ ಸಂಬಳ ಹಿಡಿಯಬೇಡಿ. ಅವರ ಮಗುವಿಗೆ ಹಳೇ ಫ್ರಾಕ್ ಕೊಡುವುದಕ್ಕಿಂತ ಇದು ದೊಡ್ಡದು. ಫ್ರಾಕ್ ಕೊಟ್ಟರೆ ಕೊಟ್ಟವರಿಗೆ ಖುಷಿ ಜಾಸ್ತಿ, ಅಷ್ಟೇ.

ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಮಡಕೆ ನೀರು, ಲೋಟ ಇಡಿ. ನಮ್ಮ ಊರುಗಳಲ್ಲಿ ಅರವಟ್ಟಿಗೆ ಎಂದು ಇದೇ ನಡೆದು ಬಂದಿದೆ. ದಿನಾ ತೊಳೆದು ತುಂಬಿಸುವ ಜವಾಬ್ದಾರಿ ಯಾರದು ಅಂತ ಮೊದಲೇ ಗೊತ್ತು ಮಾಡಿ. ಪಾಚಿ ಕಟ್ಟಿದ ಮಡಕೆ ಇಡುವುದಕ್ಕಿಂತ ಇಡದಿರುವುದೇ ಮೇಲು.

ಇನ್ನು ಕೇಳಿಸಿಕೊಳ್ಳುವುದು. ವಾರಕ್ಕೊಮ್ಮೆ ಒಬ್ಬರಿಗೆ, ಊರಿನಲ್ಲಿ ಒಂಟಿಯಾಗಿರುವ ದೊಡ್ಡಮ್ಮನೋ ಕೆಲಸ ಕಳೆದುಕೊಂಡ ಗೆಳೆಯನೋ, ಅರ್ಧ ಗಂಟೆ ಫೋನ್ ಮಾಡಿ. ನೀವು ಮಾತು ಕಡಿಮೆ ಆಡಿ. "ನನಗೂ ಹೀಗೇ ಆಗಿತ್ತು" ಬೇಡ. "ಎಲ್ಲಾ ಸರಿಹೋಗುತ್ತೆ ಬಿಡಿ" ಬೇಡ. ಕ್ಯಾನ್ಸರ್ ಅಂದ ಕೂಡಲೇ ಯಾವುದೋ ಊರಿನ ನಾಟಿ ವೈದ್ಯರ ಅಡ್ರೆಸ್ ಕೊಡುವ ಅಭ್ಯಾಸವಂತೂ ದಯವಿಟ್ಟು ಬೇಡ. "ಆಮೇಲೆ ಏನಾಯ್ತು?" ಅನ್ನುವ ಒಂದೇ ಮಾತು ಬಹಳ ದೂರ ಬರುತ್ತದೆ. ಹೊರದೇಶದಲ್ಲಿರುವ ಕನ್ನಡಿಗರಿಗೂ ಈ ಕೆಲಸಕ್ಕೆ ಅಡ್ಡಿಯಿಲ್ಲ. ಹಣ ಕಳಿಸುವಷ್ಟೇ ತಪ್ಪದೆ ಮಾಡಬೇಕು, ಅಷ್ಟೇ.

ಹಂತ 5: ರಸ್ತೆಯಲ್ಲಿ ಯಾರೋ ಬಿದ್ದಿದ್ದಾಗ

"ಪೊಲೀಸ್, ಕೋರ್ಟ್ ಅಂತ ಅಲೆದಾಡಿಸುತ್ತಾರೆ" ಎಂಬ ಭಯ ಹಳೆಯದು. ಆದರೆ ಕಾನೂನು ಬದಲಾಗಿದೆ. ನೆರವಾದವರನ್ನು ರಕ್ಷಿಸುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ಕೊಟ್ಟಿತು. ಕರ್ನಾಟಕದ ಸ್ವಂತ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಎಂಬ ಕಲಂ ಸೇರಿತು. ಒಳ್ಳೆಯ ಉದ್ದೇಶದಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳುವುದು ನಿಮ್ಮ ಇಷ್ಟ. ಚಿಕಿತ್ಸೆಯ ಹಣ ನಿಮ್ಮಿಂದ ಕೇಳುವಂತಿಲ್ಲ.

ಕ್ರಮ ಹೀಗಿರಲಿ. ಮೊದಲು ನಿಮ್ಮ ಗಾಡಿ ಬದಿಗೆ ಹಾಕಿ, ಹಿಂದಿನಿಂದ ಬರುವವರಿಗೆ ಸನ್ನೆ ಮಾಡಿ. 108 ಅಥವಾ 112ಕ್ಕೆ ಫೋನ್ ಮಾಡಿ, ಜಾಗದ ಗುರುತು ಸರಿಯಾಗಿ ಹೇಳಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ. ನಮ್ಮಲ್ಲಿ ಎಲ್ಲರೂ ಮೊದಲು ಮಾಡುವುದು ಇದನ್ನೇ, ಪ್ರಜ್ಞೆ ಇಲ್ಲದವರ ಶ್ವಾಸಕೋಶಕ್ಕೆ ಆ ನೀರು ಹೋಗಬಹುದು. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದಾದ್ದರಿಂದ ಎಳೆದಾಡಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವ ಕೆಲಸ ಆಂಬುಲೆನ್ಸ್‌ನವರಿಗೆ ಬಿಡಿ. ಗುಂಪು ಸೇರಿದ್ದರೆ "ಯಾರಾದರೂ ಫೋನ್ ಮಾಡಿ" ಅಂತ ಕೂಗಬೇಡಿ. ಬೆರಳು ತೋರಿಸಿ: "ನೀಲಿ ಶರ್ಟಿನವರೇ, ನೀವು 108ಕ್ಕೆ ಮಾಡಿ." ಎಲ್ಲರಿಗೂ ಹೇಳಿದ ಕೆಲಸ ಯಾರ ಕೆಲಸವೂ ಅಲ್ಲ. ವಿಡಿಯೋ ಮಾಡುವವರಿಗೆ ಬೈಯುತ್ತಾ ಹೊತ್ತು ಕಳೆಯುವ ಬದಲು ಅವರಿಗೇ ಒಂದು ಕೆಲಸ ಹಚ್ಚಿ.

ಹಂತ 6: ವಾರಕ್ಕೆ 2 ಗಂಟೆ

ಈ ಲೆಕ್ಕ ನಾನು ಸುಮ್ನೆ ಹೇಳಿದ್ದಲ್ಲ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಉಪಶಮನ ಆರೈಕೆಯ ಸಣ್ಣ ಸಂಘವೊಂದನ್ನು ಶುರು ಮಾಡಿದರು. ಉಪಶಮನ ಆರೈಕೆ ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಉಸಿರುಗಟ್ಟು, ಹುಣ್ಣು, ಭಯ ಇವನ್ನು ತಗ್ಗಿಸುವ ವೈದ್ಯಕೀಯ. ಆಸ್ಪತ್ರೆಗೆ ಬರಲಾಗದವರು ಮನೆಯಲ್ಲೇ ನರಳುತ್ತಿದ್ದರು. ಹಾಗಾಗಿ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರನ್ನೇ ಸೇರಿಸಿಕೊಂಡರು. ಕೇಳಿದ್ದು ವಾರಕ್ಕೆ ಕನಿಷ್ಠ ಎರಡು ಗಂಟೆ. ಕೊಟ್ಟದ್ದು 16 ಗಂಟೆಯ ಪಾಠ ಮತ್ತು ರೋಗಿಗಳ ಜೊತೆ ನಾಲ್ಕು ದಿನದ ತರಬೇತಿ. ಸೇರಿದವರು ಸಾಮಾನ್ಯ ಜನ. ಮಾಡಿದ್ದು ಮನೆಗೆ ಹೋಗಿ ಮಾತಾಡಿಸುವುದು, ಅಕ್ಕಿ ತಲುಪಿಸುವುದು, ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದು. 2008ರಲ್ಲಿ ಕೇರಳ ಸರ್ಕಾರ ಇದಕ್ಕೇ ಒಂದು ನೀತಿ ತಂದಿತು. ಪಂಚಾಯ್ತಿಗಳು ಮನೆ ಆರೈಕೆಯ ಹೊಣೆ ಹೊತ್ತವು. ಮಾರ್ಫಿನ್ ಎಂಬ ನೋವಿನ ಔಷಧಿ ಸಿಗದಂತೆ ತಡೆಯುತ್ತಿದ್ದ ದೇಶದ ಕಾನೂನು, ರಾಜಗೋಪಾಲ್ ಮುಂತಾದವರ ವರ್ಷಗಳ ಒತ್ತಾಯದ ನಂತರ, 2014ರಲ್ಲಿ ತಿದ್ದುಪಡಿಯಾಯಿತು.

ನಿಮ್ಮ 2 ಗಂಟೆ ಎಲ್ಲಿಗೆ? ಬೆಂಗಳೂರಿನವರಾದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯದಂಥ ಜಾಗ ಇದೆ. ಬೇರೆ ಊರಿನಲ್ಲಿ ಸರ್ಕಾರಿ ಶಾಲೆ, ವೃದ್ಧಾಶ್ರಮ, ಜಿಲ್ಲಾಸ್ಪತ್ರೆ. ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯುವವರು ಸಿಗುವುದು ಯಾವಾಗಲೂ ಕಷ್ಟ. ರಕ್ತ ಕೊಡುವುದೂ ಇದರಲ್ಲೇ ಸೇರುತ್ತದೆ: 18ರಿಂದ 65 ವಯಸ್ಸು, 45 ಕೆಜಿಗಿಂತ ಕಡಿಮೆ ಇರದ ತೂಕ, ಹಿಮೋಗ್ಲೋಬಿನ್ 12.5. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಆರಿಸುವಾಗ ಒಂದೇ ನಿಯಮ: ಮನೆಯಿಂದ ಅರ್ಧ ಗಂಟೆಗಿಂತ ದೂರ ಬೇಡ. ದೂರವಾದರೆ ಎರಡನೇ ತಿಂಗಳು ಬಿಟ್ಟುಬಿಡುತ್ತೀರಿ. ಹೋದ ಮೇಲೆ ಮೊದಲ ನಾಲ್ಕು ವಾರ ಸಲಹೆ ಕೊಡಬೇಡಿ. ಅವರು ಹೇಳಿದ ಕೆಲಸ ಮಾಡಿ, ಅದು ಫೈಲ್ ಜೋಡಿಸುವುದಾದರೂ ಸರಿ.

ಬೇಡವಾದ್ದು: ಹುಟ್ಟುಹಬ್ಬದ ದಿನ ಅನಾಥಾಶ್ರಮಕ್ಕೆ ಕೇಕ್ ಒಯ್ದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ. ವರ್ಷದಲ್ಲಿ ಎಷ್ಟು ಜನ ಅಪರಿಚಿತರಿಗೆ ಆ ಮಕ್ಕಳು "ಹ್ಯಾಪಿ ಬರ್ತ್‌ಡೇ" ಹಾಡಬೇಕು, ಯೋಚಿಸಿ. ನೆರೆ ಬಂದಾಗ ಹರಿದ ಬಟ್ಟೆಯ ಮೂಟೆ ಕಳಿಸುವುದೂ ಬೇಡ. ಅದನ್ನು ವಿಂಗಡಿಸಲು ಅಲ್ಲಿ ಇನ್ನಷ್ಟು ಜನ ಬೇಕಾಗುತ್ತಾರೆ.

ಹಂತ 7: ನಮ್ಮವರು ಎಂಬ ಗೆರೆ ದಾಟುವುದು

ಹಳೇ ಮೈಸೂರಿನ ಕಡೆ ವಾರಾನ್ನ ಅನ್ನುವುದಿತ್ತು. ಬಡ ವಿದ್ಯಾರ್ಥಿ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ ಓದುತ್ತಿದ್ದ. ಒಬ್ಬರಿಗೂ ಹೊರೆಯಾಗದೆ ಏಳು ಮನೆ ಸೇರಿ ಒಬ್ಬನನ್ನು ಓದಿಸುವ ಈ ಉಪಾಯ ನನಗೆ ಬಹಳ ಮೆಚ್ಚುಗೆ. ಆದರೆ ಬಾಗಿಲು ತೆರೆಯುತ್ತಿದ್ದದ್ದು ಹೆಚ್ಚಾಗಿ ಸ್ವಜಾತಿಯ ಹುಡುಗರಿಗೆ. ಊರಾಚೆಯ ಕೇರಿಯ ಹುಡುಗನಿಗೆ ವಾರಾನ್ನ ಇರಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ, ಧರ್ಮ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಸಿಕ್ಕಿದ್ದು ದೊಡ್ಡ ಮಾತಾದದ್ದು ಇದೇ ಕಾರಣಕ್ಕೆ.

ನೋಟ್‌ಬುಕ್ ತೆಗೆಯಿರಿ. ಕಳೆದ ಎರಡು ತಿಂಗಳಲ್ಲಿ ನೀವು ನೆರವಾದವರ ಹೆಸರು ಬರೆಯಿರಿ. ಎಷ್ಟು ಜನ ನಿಮ್ಮ ಜಾತಿಯವರು, ನಿಮ್ಮ ಭಾಷೆಯವರು? ಉತ್ತರ ಯಾರಿಗೂ ತೋರಿಸಬೇಕಿಲ್ಲ. ಮುಂದಿನ ತಿಂಗಳು ಪಟ್ಟಿಯ ಹೊರಗಿನ ಒಬ್ಬರು ಬರಲಿ: ಕಟ್ಟಡ ಕೆಲಸಕ್ಕೆ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದು ತಗಡಿನ ಶೆಡ್ಡಿನಲ್ಲಿರುವವರು, ನೀವು ಹೆಸರು ಕೇಳಿಯೇ ಮನೆ ಬಾಡಿಗೆಗೆ ಇಲ್ಲ ಅಂದವರು.

ಧ್ಯಾನದಲ್ಲಿ ಆಗದವರನ್ನು ಸೇರಿಸಲು ಈಗ ಸಮಯ. ಮೊದಲು ಸಣ್ಣ ಕಿರಿಕಿರಿಯವರು, ಪಾರ್ಕಿಂಗ್ ಜಗಳದವರು. ಕರುಣೆ ಇದೆ ಅಂದರೆ ಅವರು ಮಾಡಿದ್ದು ಸರಿ ಅಂತಲ್ಲ, ದೂರು ವಾಪಸ್ ತಗೊಳ್ಳಬೇಕು ಅಂತಲೂ ಅಲ್ಲ.

ಹಂತ 8: ಅರ್ಜಿ ಬರೆಯಿರಿ

ಒಂದೇ ಥರದ ನೋವು ಮೂರು ಸಲ ಕಣ್ಣಿಗೆ ಬಿದ್ದರೆ ಅದಕ್ಕೆ ಒಂದು ಕಾರಣ ಇದೆ ಅಂತ ಲೆಕ್ಕ. ಆಗ ಬ್ಯಾಂಡೇಜ್ ಕಟ್ಟುವುದರ ಜೊತೆ ಕಾರಣವನ್ನೂ ಹುಡುಕಬೇಕು.

ಬೆಜವಾಡ ವಿಲ್ಸನ್ ಹುಟ್ಟಿದ್ದು 1966ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅವರ ಸಮುದಾಯದವರು ಅಲ್ಲಿನ ಒಣ ಪಾಯಿಖಾನೆಗಳಿಂದ ಕೈಯಲ್ಲಿ ಮಲ ಬಾಚುತ್ತಿದ್ದರು. ವಿಲ್ಸನ್ ಆಡಳಿತಕ್ಕೆ, ಮಂತ್ರಿಗಳಿಗೆ ಪತ್ರ ಬರೆಯುತ್ತಾ ಹೋದರು. 1990ರ ದಶಕದಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಈ ಕೆಲಸ ಮಾಡಿಸುವುದನ್ನು ನಿಷೇಧಿಸುವ ಹೊಸ ಕಾಯ್ದೆ ಬಂತು. 2014ರ ತೀರ್ಪು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂದಿತು, 2023ರಲ್ಲಿ ಕೋರ್ಟ್ ಅದನ್ನು 30 ಲಕ್ಷಕ್ಕೆ ಏರಿಸಿತು. ಗುಂಡಿಗಳಲ್ಲಿ ಸಾವು ಇನ್ನೂ ನಿಂತಿಲ್ಲ. ಮ್ಯಾಗ್ಸೆಸೆ ಪ್ರಶಸ್ತಿ 2016ರಲ್ಲಿ ಬಂದರೂ ಅವರ ಕೆಲಸ ಮುಗಿದಿಲ್ಲ.

ನೀವು ಸಣ್ಣದರಿಂದ ಶುರು ಮಾಡಿ. ನಿಮ್ಮ ಅಪಾರ್ಟ್‌ಮೆಂಟಿನ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುತ್ತಾರಾ? ಸಂಘದ ಸಭೆಯಲ್ಲಿ ಕೇಳಿ, ಯಂತ್ರದಲ್ಲೇ ಆಗಬೇಕು ಅಂತ ನಡಾವಳಿಯಲ್ಲಿ ಬರೆಸಿ. ಹಳ್ಳಿಯಲ್ಲಾದರೆ ಗ್ರಾಮ ಸಭೆ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಸಿಟ್ಟನ್ನೆಲ್ಲ ತೋಡಿಕೊಂಡು ನಾಲ್ಕು ಪುಟ ಬರೆದರೆ ವಾಪಸ್ ಬರುತ್ತದೆ. "ಕಳೆದ ವರ್ಷ ನಮ್ಮ ವಾರ್ಡಿನ ಪೌರಕಾರ್ಮಿಕರಿಗೆ ಎಷ್ಟು ಜೊತೆ ಕೈಗವಸು ಕೊಟ್ಟಿದ್ದೀರಿ? ಯಾವ ದಿನಾಂಕ?" ಇಷ್ಟು ಸಾಕು. ಅರ್ಜಿ ಹಾಕುವ ಮುಂಚೆ ಆ ಕಾರ್ಮಿಕರನ್ನು ಕೇಳಿ. ನಿಮ್ಮ ಉತ್ಸಾಹಕ್ಕೆ ಅವರ ಕೆಲಸ ಹೋಗಬಾರದು.

ಪದೇ ಪದೇ ಕೇಳುವ ಪ್ರಶ್ನೆಗಳು

*ಭಿಕ್ಷೆ ಬೇಡುವವರಿಗೆ ಹಣ ಕೊಡಬೇಕಾ?* ದೊಡ್ಡವರಿಗೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡದಿದ್ದರೂ ಮುಖ ನೋಡಿ "ಇಲ್ಲಮ್ಮ" ಅನ್ನಿ, ಗಾಜು ಏರಿಸಬೇಡಿ. ಮಕ್ಕಳಿಗೆ ಹಣ ಬೇಡ. ತಿಂಡಿ ಕೊಡಿ, 1098ಕ್ಕೆ ತಿಳಿಸಿ.

*ಚಿಕಿತ್ಸೆಗೆ ನೆರವು ಅಂತ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ನಂಬುವುದು ಹೇಗೆ?* ಆಸ್ಪತ್ರೆಯ ಅಧಿಕೃತ ನಂಬರ್ ನೀವೇ ಹುಡುಕಿ ಫೋನ್ ಮಾಡಿ, ರೋಗಿ ಇದ್ದಾರಾ ಕೇಳಿ. ಹಣವನ್ನು ಆಸ್ಪತ್ರೆಯ ಖಾತೆಗೇ ಹಾಕಿ. ಆಗದಿದ್ದರೆ ಫಾರ್ವರ್ಡ್ ಕೂಡ ಮಾಡಬೇಡಿ.

*ಗಂಡ ಹೊಡೆಯುತ್ತಾನೆ. ಅವನ ಮೇಲೆ ಕರುಣೆ ಬೆಳೆಸಿಕೊಂಡರೆ ಬದಲಾಗುತ್ತಾನಾ?* ಇಲ್ಲ. ಈ ಲೇಖನ ನಿಮಗೆ ಈಗ ಬೇಡ. 181 ಅಥವಾ 112ಕ್ಕೆ ಫೋನ್ ಮಾಡಿ, ಸುರಕ್ಷಿತ ಜಾಗಕ್ಕೆ ಹೋಗಿ.

*ಮನೆಯವರು "ಊರಿಗೆಲ್ಲ ಉಪಕಾರ, ಮನೆಗೆ ಏನಿಲ್ಲ" ಅನ್ನುತ್ತಾರೆ.* ಅವರ ಮಾತಿನಲ್ಲಿ ಹುರುಳಿರಬಹುದು. ಎರಡು ವಾರ ಆರನೇ ಹಂತ ನಿಲ್ಲಿಸಿ, ನಾಲ್ಕನೆಯದನ್ನು ಮನೆಯೊಳಗೇ ಮಾಡಿ ನೋಡಿ.

*ಅರ್ಧಕ್ಕೆ ಬಿಟ್ಟುಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕಾ?* ಬೇಡ. ಬಿಟ್ಟ ಹಂತದಿಂದಲೇ ಹಿಡಿಯಿರಿ. ಆದರೆ ಯಾರಿಗಾದರೂ "ಶನಿವಾರ ಬರುತ್ತೇನೆ" ಅಂತ ಮಾತು ಕೊಟ್ಟು ತಪ್ಪಿಸಿದ್ದರೆ, ಮೊದಲು ಅವರಿಗೆ ಫೋನ್ ಮಾಡಿ. ಮಂಚ ಹಿಡಿದವರು ವಾರವಿಡೀ ಶನಿವಾರ ಎಣಿಸುತ್ತಿರುತ್ತಾರೆ. ಬರಲಾಗದಿದ್ದರೆ ನಿಮ್ಮ ಬದಲಿಗೆ ಹೋಗುವವರ ಹೆಸರು ಪಾಳಿ ಪಟ್ಟಿಯಲ್ಲಿ ಮುಂಚೆಯೇ ಇರಲಿ.